ಮಾಸ್ತರರ ಬಾಬ್ತು: ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಊರನಾಟಕಗಳಲ್ಲಿ ನಿರ್ದೇಶಕರ ಸಂಭಾವನೆ

1. ವ್ಯಾಪ್ತಿ

ಈ ಟಿಪ್ಪಣಿಯ ವ್ಯಾಪ್ತಿ ಹಾನಗಲ್ಲ, ಶಿಗ್ಗಾವಿ, ಸವಣೂರ ಮತ್ತು ಹಿರೇಕೆರೂರ ಸೀಮೆಗೆ ಸೀಮಿತ. ಈ ಊರುಗಳು 1997ರ ಆಗಸ್ಟ್ 24ರಂದು ಹಾವೇರಿ ಜಿಲ್ಲೆ ಆಗುವವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರ 1948ರವರೆಗೆ ನವಾಬರ ಸಂಸ್ಥಾನ. ಉಳಿದವು ಮುಂಬಯಿ ಪ್ರಾಂತದಲ್ಲಿದ್ದವು. 2018ರಲ್ಲಿ ಹಿರೇಕೆರೂರ ತಾಲ್ಲೂಕಿನಿಂದ ರಟ್ಟೀಹಳ್ಳಿ ಬೇರೆಯಾಯಿತು. ಹೀಗಾಗಿ ಹಳೆಯ ಬರೆಹಗಳಲ್ಲಿ ‘ಧಾರವಾಡ ಜಿಲ್ಲೆಯ ನಾಟಕ’ ಎಂದು ಬಂದಲ್ಲೆಲ್ಲ ಈ ಸೀಮೆಯೂ ಸೇರಿರುವ ಸಾಧ್ಯತೆಯನ್ನು ಇಟ್ಟುಕೊಂಡೇ ಓದಬೇಕಾಗುತ್ತದೆ. ಊರ ಹೆಸರುಗಳ ಬರವಣಿಗೆಯಲ್ಲಿಯೂ (ಹಾನಗಲ್–ಹಾನಗಲ್ಲ, ಶಿಗ್ಗಾಂವ–ಶಿಗ್ಗಾವಿ) ಏಕರೂಪತೆ ಇಲ್ಲ. ಇಲ್ಲಿ ಸ್ಥಳೀಯ ರೂಪಗಳನ್ನು ಬಳಸಲಾಗಿದೆ.

ಪರಿಶೀಲನೆಯ ಪ್ರಶ್ನೆ ಸರಳವಾದುದು. ನಟರು ಸಂಬಳವಿಲ್ಲದೆ, ಎಷ್ಟೋ ಸಲ ತಾವೇ ವಂತಿಗೆ ಹಾಕಿ ಆಡುವ ನಾಟಕದಲ್ಲಿ ನಿರ್ದೇಶಕರಿಗೆ ಹಣ ಕೊಡಬೇಕೆ? ಕೊಡುವುದಾದರೆ ಯಾವ ಅಳತೆಯಿಂದ? ಈ ಸೀಮೆಯ ಮಟ್ಟಿಗೆ ಪ್ರಶ್ನೆಯ ಮೊದಲರ್ಧ ಬಹುಮಟ್ಟಿಗೆ ಅಪ್ರಸ್ತುತ ಎಂಬುದು ಇಲ್ಲಿನ ತಾತ್ಕಾಲಿಕ ನಿಲುವು. ಹಣ ಮೊದಲಿನಿಂದಲೂ ಸಂದಿದೆ. ಆದರೆ ಅದು ‘ನಿರ್ದೇಶಕ’ ಎಂಬ ಹೆಸರಿಗೆ ಸಂದದ್ದಲ್ಲ. ಯಾವ ಬಾಬ್ತಿಗೆ ಸಂದಿತು ಎಂಬುದನ್ನು ಗುರುತಿಸದೆ ಎಷ್ಟು ಸಲ್ಲಬೇಕು ಎಂದು ಹೇಳುವುದು ಕಷ್ಟ.

2. ‘ಮಾಸ್ತರ’ ಎಂಬ ಪದ

ಈ ಭಾಗದಲ್ಲಿ ನಾಟಕ ಕಲಿಸುವವರು ‘ಮಾಸ್ತರ’. ಹಾರ್ಮೋನಿಯಂ ನುಡಿಸುತ್ತ ಕಲಿಸಿದರೆ ‘ಪೇಟಿ ಮಾಸ್ತರ’. ವೃತ್ತಿ ಕಂಪನಿಗಳಲ್ಲಿ ‘ತಾಲೀಮು ಮಾಸ್ತರ’ ಎಂಬ ಮಾತೂ ಇತ್ತು. ಇದು ಮರಾಠಿ ರಂಗಭೂಮಿಯೊಂದಿಗೆ ಹಂಚಿಕೊಂಡ ಪದ. ದೊಡ್ಡಾಟದಲ್ಲಿ ಕುಣಿತ ಮತ್ತು ಅರ್ಥ ಎರಡನ್ನೂ ಕಲಿಸುವವರಿಗೂ ಇದೇ ಹೆಸರು. ಸಣ್ಣಾಟದಲ್ಲಿ ‘ಸಂಗ್ಯಾ ಬಾಳ್ಯಾ’ದ ಕರ್ತೃವೆಂದು ಹೇಳಲಾಗುವ ಬೈಲವಾಡದ ಪತ್ತಾರ ಮಾಸ್ತರರ ಹೆಸರಿನಲ್ಲಿಯೇ ಈ ಪದ ಅಂಟಿಕೊಂಡಿದೆ. ಶಾಲೆಯ ಉಪಾಧ್ಯಾಯರೂ ಮಾಸ್ತರರೇ, ಬಟ್ಟೆ ಹೊಲಿಯುವವರೂ ಮಾಸ್ತರರೇ. ಊರಿನ ಜಮಾಖರ್ಚಿನ ವಹಿಯಲ್ಲಿ ಬರಿಯ ‘ಮಾಸ್ತರಗೆ’ ಎಂದು ಬರೆದ ಮೊತ್ತವು ಕಲಿಸಿದ್ದಕ್ಕೆ ಕೊಟ್ಟದ್ದೋ, ಪೇಟಿ ನುಡಿಸಿದ್ದಕ್ಕೆ ಕೊಟ್ಟದ್ದೋ, ವೇಷದ ಅಂಗಿ ಹೊಲಿದದ್ದಕ್ಕೆ ಕೊಟ್ಟದ್ದೋ ಎಂಬುದನ್ನು ಆ ಒಂದು ಸಾಲಿನಿಂದ ನಿರ್ಣಯಿಸಲಾಗದು. (ಆ ವಹಿ ಬರೆಯುವವರು ಹೆಚ್ಚಾಗಿ ನಿವೃತ್ತ ಶಾಲಾ ಮಾಸ್ತರರೇ ಆಗಿರುವುದು ಗೊಂದಲವನ್ನು ಕಡಿಮೆ ಮಾಡಿಲ್ಲ.)

‘ನಿರ್ದೇಶಕ’ ಎಂಬುದು ಈ ಪಟ್ಟಿಗೆ ತಡವಾಗಿ ಸೇರಿದ ಪದ. ಇಪ್ಪತ್ತನೆಯ ಶತಮಾನದ ಹವ್ಯಾಸಿ ರಂಗಭೂಮಿ ಮತ್ತು ಸಿನಿಮಾ ಎರಡರ ಮೂಲಕವೂ ಅದು ಹಳ್ಳಿಯ ಕರಪತ್ರವನ್ನು ತಲುಪಿರಬೇಕು. ಹಣದ ಪದಗಳೂ ಹೀಗೆಯೇ ಪದರಪದರವಾಗಿವೆ. ‘ಪಗಾರ’ ತಿಂಗಳಿಗೆ, ‘ಮಜೂರಿ’ ದಿನಕ್ಕೆ ಅಥವಾ ಕೆಲಸಕ್ಕೆ, ‘ಬಿದಾಗಿ’ ಹಾಡುವ ನುಡಿಸುವ ಕಲಾವಿದರನ್ನು ಕಳುಹಿಸಿಕೊಡುವಾಗ. ‘ಆಯೇರಿ’ ಮೆಚ್ಚಿಗೆಗೆ, ಮದುವೆ ಮುಂಜಿವೆಯ ಪದ್ಧತಿಯಿಂದ ಬಂದದ್ದು. ‘ಸಂಭಾವನೆ’ ಮತ್ತು ‘ಗೌರವಧನ’ ಲಿಖಿತ ವ್ಯವಹಾರದ ಪದಗಳು. ಇವು ಒಂದಕ್ಕೊಂದು ಪರ್ಯಾಯವಲ್ಲ. ಪಗಾರ ಕೇಳಬಹುದು, ಮಜೂರಿಗೆ ಜಗಳ ಆಡಬಹುದು, ಆಯೇರಿ ಕೇಳುವಂತಿಲ್ಲ. ನಿರ್ದೇಶಕರ ಹಣವನ್ನು ಇವುಗಳಲ್ಲಿ ಯಾವುದೆಂದು ಕರೆಯುತ್ತಾರೆ ಎಂಬುದರ ಮೇಲೆ ಅದನ್ನು ಕೇಳುವ ಹಕ್ಕು ಇದೆಯೋ ಇಲ್ಲವೋ ಎಂಬುದು ನಿಂತಿದೆ.

3. ಸಾತೇನಹಳ್ಳಿಯ ಒಂದು ದಿನಾಂಕ

ಕನ್ನಡ ವೃತ್ತಿರಂಗದ ಚರಿತ್ರೆಯ ಆರಂಭದಲ್ಲಿಯೇ ಈ ಸೀಮೆಯವರೊಬ್ಬರಿದ್ದಾರೆ. ‘ಶಾಂತಕವಿ’ ಎಂಬ ಹೆಸರಿನ ಸಕ್ಕರಿ ಬಾಳಾಚಾರ್ಯರು (1856–1920) ಹಿರೇಕೆರೂರ ತಾಲ್ಲೂಕಿನ ಸಾತೇನಹಳ್ಳಿಯವರು. ಅಲ್ಲಿನ ದೇವರಾದ ಶಾಂತೇಶನ ನೆನಪು ಅವರ ಕಾವ್ಯನಾಮದಲ್ಲಿದೆ. ಗದಗಿನ ಕೃತಪುರ ನಾಟಕ ಮಂಡಳಿ ಅವರ ಪ್ರಯತ್ನದ ಫಲ; ‘ಉಷಾಹರಣ’ ಅವರ ನಾಟಕ. ವೃತ್ತಿಯಿಂದ ಅವರು ಶಾಲೆಯ ಮಾಸ್ತರರು.

ಮಂಡಳಿ ಹುಟ್ಟಿದ ವರ್ಷದ ಬಗ್ಗೆ ಏಕಾಭಿಪ್ರಾಯವಿಲ್ಲ: 1872 ಎಂದು ಒಂದು ಪಕ್ಷ, 1877 ಎಂದು ಇನ್ನೊಂದು, ನಡುವಿನ ವರ್ಷವನ್ನು ಹೇಳುವವರೂ ಉಂಟು. ಐದು ವರ್ಷಗಳ ಈ ಅಂತರ ಸಾಮಾನ್ಯವಾಗಿ ‘ಕನ್ನಡದ ಮೊದಲ ಕಂಪನಿ ಯಾವುದು’ ಎಂಬ ವಾದದಲ್ಲಿ ಮಾತ್ರ ಎಣಿಕೆಗೆ ಬರುತ್ತದೆ. ನಮ್ಮ ಪ್ರಶ್ನೆಗೂ ಅದರ ಸಂಬಂಧವಿದೆ. 1856ರ ಜನನವನ್ನು ಒಪ್ಪಿದರೆ 1872ರಲ್ಲಿ ಅವರ ವಯಸ್ಸು 16; 1877ರಲ್ಲಿ 21. ಇಪ್ಪತ್ತೊಂದರ ಮಾಸ್ತರರು ಶಾಲೆಯ ಪಗಾರದ ಮೇಲೆ ಜೀವನ ಸಾಗಿಸುತ್ತ ನಾಟಕ ಬರೆದು ಕಲಿಸಿದರು ಎನ್ನುವುದು ಸಹಜವಾದ ಚಿತ್ರ. ಹದಿನಾರರ ಹುಡುಗನಿಗೆ ಅದೇ ಚಿತ್ರವನ್ನು ಹೊಂದಿಸುವುದು ಅಸಾಧ್ಯವಲ್ಲ, ಆದರೆ ಹೆಚ್ಚಿನ ಪುರಾವೆ ಬೇಡುತ್ತದೆ. ಆದ್ದರಿಂದ ಇಲ್ಲಿ ನಂತರದ ವರ್ಷವನ್ನು ಎಚ್ಚರಿಕೆಯಿಂದ ಮುಂದಿಡಲಾಗಿದೆ.

ನಂತರದ ವರ್ಷ ಸರಿಯಾದ ಪಕ್ಷದಲ್ಲಿ ಒಂದು ಅನುಮಾನಕ್ಕೆ ಅವಕಾಶವಿದೆ. ಮಾಸ್ತರನ ಅನ್ನ ಸರಕಾರದಿಂದ, ನಾಟಕ ಅವನ ರಾತ್ರಿಯ ಕೆಲಸ ಎಂಬ ವ್ಯವಸ್ಥೆ ಈ ಪ್ರದೇಶದ ಆಧುನಿಕ ನಾಟಕದಷ್ಟೇ ಹಳೆಯದು. ಹೊರಗಿನ ಪಗಾರವೊಂದು ನಾಟಕದ ಖರ್ಚನ್ನು ಕಾಣದಂತೆ ಹೊತ್ತುಕೊಂಡಿತ್ತು. ‘ನಮ್ಮ ಕಾಲದಲ್ಲಿ ನಿರ್ದೇಶಕರು ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ’ ಎಂಬ ಮಾತನ್ನು ದಾಖಲೆಯಾಗಿ ಬಳಸುವ ಮೊದಲು ಆ ನಿರ್ದೇಶಕರಿಗೆ ಬೇರೆ ಪಗಾರ ಇತ್ತೆ ಎಂದು ಕೇಳಿಕೊಳ್ಳುವುದು ಒಳಿತು.

4. ಕಂಪನಿ ಮತ್ತು ಆಶ್ರಮ

ಕಂಪನಿ ನಾಟಕಗಳಲ್ಲಿ ಮಾಲಕ, ಮುಖ್ಯನಟ ಮತ್ತು ಕಲಿಸುವಾತ ಒಬ್ಬರೇ ಆಗಿರುವುದು ಅಪರೂಪವಲ್ಲ. ವಿಶ್ವಗುಣಾದರ್ಶ ನಾಟಕ ಮಂಡಳಿಯ ಸವಣೂರ ವಾಮನರಾಯರು ‘ವಾಮನರಾವ್ ಮಾಸ್ತರ’ ಎಂದೇ ಪ್ರಸಿದ್ಧರು. ಮುಂದೆ ಹಿಂದುಸ್ತಾನಿ ಗಾಯಕರಾಗಿ ಹೆಸರಾದ ಬಸವರಾಜ ರಾಜಗುರು ಬಾಲ್ಯದಲ್ಲಿ ಅವರ ಕಂಪನಿ ಸೇರಿದ್ದರು. ಇಂಥ ಕಡೆ ಕಲಿಸಿದ್ದಕ್ಕೆ ಪ್ರತ್ಯೇಕ ಹಣದ ಪ್ರಶ್ನೆ ಏಳುವುದಿಲ್ಲ. ಕಂಪನಿಯ ಲಾಭವೇ ಮಾಸ್ತರನ ಹಣ, ನಷ್ಟವೂ ಅವನದೇ.

ಇದಕ್ಕಿಂತ ಭಿನ್ನವಾದ ಮಾದರಿಯೊಂದು ಹಾನಗಲ್ಲಿನ ನಂಟು ಪಡೆದಿದೆ. ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು. ಅವರ ಸಂಗೀತ ಶಿಕ್ಷಣಕ್ಕೆ ಹಾನಗಲ್ಲ ಕುಮಾರಸ್ವಾಮಿಗಳು ಆಶ್ರಯ ಕೊಟ್ಟರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿಯ ಗಳಿಕೆ ಅಂಧ ಮತ್ತು ಅನಾಥ ಮಕ್ಕಳ ಅನ್ನ–ವಿದ್ಯೆಗೆ ಸಂದಿತು. ಪುಟ್ಟರಾಜ ಗವಾಯಿಗಳು (1914–2010) ಅದಕ್ಕಾಗಿ ನಾಟಕಗಳನ್ನು ಬರೆದರು. ಇಲ್ಲಿ ಕಲಿಸುವವರಿಗೆ ಸಂಭಾವನೆ ಇರಲಿಲ್ಲ ಎನ್ನುವುದಕ್ಕಿಂತ, ಸಂಭಾವನೆ ವ್ಯಕ್ತಿಗೆ ಸಲ್ಲದೆ ಸಂಸ್ಥೆಗೆ ಸಂದಿತು ಎನ್ನುವುದು ಹೆಚ್ಚು ನಿಖರ. ಊರನಾಟಕದ ಕಮಿಟಿಗಳು ‘ಗುಡಿಯ ಜೀರ್ಣೋದ್ಧಾರಕ್ಕಾಗಿ’ ಎಂದು ಆಡಿಸುವ ಪ್ರಯೋಗಗಳಲ್ಲಿ ಮಾಸ್ತರರು ಹಣ ಬಿಟ್ಟುಕೊಡುವುದನ್ನು ಈ ಮಾದರಿಯ ಸಣ್ಣ ರೂಪವೆಂದು ನೋಡಬಹುದು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯುವಂತಿಲ್ಲ. ಆಶ್ರಮ ಕಲಿಸುವವರಿಗೆ ಊಟ, ವಸತಿ ಕೊಟ್ಟಿತು. ಜೀರ್ಣೋದ್ಧಾರವಾದ ಗುಡಿ ಮಾಸ್ತರರಿಗೆ ಅದನ್ನು ಕೊಡುವುದಿಲ್ಲ.

5. ಕರಪತ್ರದ ಸಾಕ್ಷ್ಯ

ಜಾತ್ರೆ, ಯುಗಾದಿ ಅಥವಾ ದೀಪಾವಳಿಯ ಹೊತ್ತಿಗೆ ಆಡುವ ಸಾಮಾಜಿಕ ನಾಟಕದ ಕರಪತ್ರ ಒಂದು ಸ್ಥಿರ ವಿನ್ಯಾಸವನ್ನು ಪಾಲಿಸುತ್ತದೆ. ಮೇಲೆ ದೇವರ ಹೆಸರು, ಕೆಳಗೆ ಮಂಡಳಿಯ ಹೆಸರು, ನಾಟಕದ ಹೆಸರು ‘ಅರ್ಥಾತ್’ ಎಂಬ ಎರಡನೆಯ ಹೆಸರಿನೊಂದಿಗೆ, ಉದ್ಘಾಟಕರು ಮತ್ತು ಅತಿಥಿಗಳ ಉದ್ದನೆಯ ಯಾದಿ, ಪಾತ್ರಧಾರಿಗಳ ಯಾದಿ. ಹೊರಗಿನಿಂದ ಬರುವ ನಟಿಯರ ಭಾವಚಿತ್ರಗಳು ನಡುವೆ ಅಥವಾ ಮೂಲೆಯಲ್ಲಿ ದೊಡ್ಡದಾಗಿರುತ್ತವೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ರಂಗಸಜ್ಜಿಕೆ, ಧ್ವನಿ–ಬೆಳಕು, ತಬಲಾ, ಪೇಟಿ.

‘ನಿರ್ದೇಶನ’ ಎಂಬ ಸಾಲು ಎಲ್ಲಿದೆ ಎಂಬುದು ಗಮನಾರ್ಹ. ಕೆಲವು ಕರಪತ್ರಗಳಲ್ಲಿ ಅದು ‘ಸಂಗೀತ ಮತ್ತು ನಿರ್ದೇಶನ’ ಅಥವಾ ‘ಪೇಟಿ ಹಾಗೂ ನಿರ್ದೇಶನ’ ಎಂದು ಜೋಡಿಯಾಗಿ, ಬಾಡಿಗೆ ಸೇವೆಗಳ ಗುಂಪಿನಲ್ಲಿ ಇರುತ್ತದೆ. ಇನ್ನು ಕೆಲವುಗಳಲ್ಲಿ ನಾಟಕದ ಹೆಸರಿನ ಕೆಳಗೆ, ನಾಟಕಕಾರರ ಪಕ್ಕದಲ್ಲಿ ಇರುತ್ತದೆ. ಮೊದಲನೆಯದು ಹಣ ಪಡೆಯುವ ಸ್ಥಾನ, ಎರಡನೆಯದು ಗೌರವ ಪಡೆಯುವ ಸ್ಥಾನ ಎಂದು ಒಮ್ಮೆಗೇ ತೀರ್ಮಾನಿಸುವುದು ಅವಸರವಾದೀತು. ಮುದ್ರಣಾಲಯದವರ ಅಭ್ಯಾಸವೂ ಇದರಲ್ಲಿ ಕೆಲಸ ಮಾಡಿರುತ್ತದೆ. ಆದರೂ ಪೇಟಿಯಿಂದ ನಿರ್ದೇಶನ ಬೇರೆಯಾದಾಗ ಅದು ಮೇಲಕ್ಕೆ ಹೋಗುವ ಒಲವು ಕಾಣುತ್ತದೆ. ಕ್ಯಾಸಿಯೊ ಮತ್ತು ರಿದಂ ಪ್ಯಾಡ್ ಬಂದ ಮೇಲೆ ಈ ಬೇರ್ಪಡುವಿಕೆ ಹೆಚ್ಚಿರಬಹುದು. ವಾದ್ಯದವರು ಆ ಒಂದು ರಾತ್ರಿಗೆ ಬಂದು ಹೋಗುತ್ತಾರೆ; ತಿಂಗಳುಗಟ್ಟಲೆ ಕಲಿಸಿದವರು ಬೇರೆ.

ಬೇರ್ಪಟ್ಟದ್ದರ ಪರಿಣಾಮ ಹಣದ ಮೇಲೆ ಆಗಿದೆ. ಪೇಟಿಗೆ ಒಂದು ರಾತ್ರಿಯ ದರ ಇದೆ. ಸುತ್ತಲ ಹತ್ತು ಊರಿಗೆ ಅದು ಗೊತ್ತಿರುತ್ತದೆ. ಸೀನರಿಗೆ, ಮೈಕಿಗೆ, ನಟಿಯರಿಗೆ ದರವಿದೆ, ಸಂಚಗಾರ (ಮುಂಗಡ) ಇದೆ. ಪೇಟಿಯನ್ನು ಬಿಟ್ಟುಕೊಟ್ಟ ಮಾಸ್ತರನಿಗೆ ದರ ಉಳಿಯಲಿಲ್ಲ.

6. ‘ತಿಳದಷ್ಟು ಕೊಡ್ರಿ’

ಮಾತುಕತೆಯ ರೂಪ ಹೆಚ್ಚುಕಡಿಮೆ ನಿಶ್ಚಿತ. ಕಮಿಟಿಯ ಹಿರಿಯರು ಕೇಳುತ್ತಾರೆ: “ಮಾಸ್ತರ, ನಿಮ್ದು ಹೆಂಗ ಹೇಳ್ರಿ.” ಉತ್ತರ: “ನಿಮ್ಮೂರಾಗ ನಂದೇನ್ ಲೆಕ್ಕರೀ, ತಿಳದಷ್ಟು ಕೊಡ್ರಿ.” ಸ್ವಲ್ಪ ಹೊತ್ತು ಚಹಾ. ಆಮೇಲೆ ಮೂರನೆಯವರೊಬ್ಬರು: “ಹಂಗಲ್ರಿ, ಹೋದ ವರ್ಷ ಬಾಜೂ ಊರಾಗ ಏನ್ ಮಾಡಿದ್ರಿ?”

ಮೂರನೆಯ ಮಾತಿನಲ್ಲಿ ಬೆಲೆ ಇದೆ. ‘ತಿಳದಷ್ಟು’ ಎಂದರೆ ಬೆಲೆ ಇಲ್ಲವೆಂದಲ್ಲ, ಬೆಲೆಯನ್ನು ಮಾಸ್ತರರ ಬಾಯಿಂದ ಆಡಿಸುವುದಿಲ್ಲ ಎಂದಷ್ಟೇ. ಗುರುವಿನ ಸ್ಥಾನ ಉಳಿಯಬೇಕು, ನೆರೆಯೂರಿನ ಮೊತ್ತ ಮೀರಬಾರದು, ಅದಕ್ಕಿಂತ ಕಡಿಮೆಯೂ ಆಗಬಾರದು. ಈ ವ್ಯವಸ್ಥೆ ಒಂದು ಷರತ್ತಿನ ಮೇಲೆ ಚೆನ್ನಾಗಿ ನಡೆಯುತ್ತದೆ: ನೆರೆಯೂರಿನಲ್ಲೂ ಅದೇ ಬಗೆಯ ನಾಟಕ, ಅಷ್ಟೇ ದಿನದ ತಾಲೀಮು ಆಗಿರಬೇಕು. ಒಂದೂರಲ್ಲಿ ಹದಿನೈದು ರಾತ್ರಿ, ಇನ್ನೊಂದೂರಲ್ಲಿ ಎರಡು ತಿಂಗಳು ಎಂದಾಗ ಹೋಲಿಕೆ ಮುರಿಯುತ್ತದೆ. ಮೊತ್ತ ಮಾತ್ರ ಅದೇ ಉಳಿಯುತ್ತದೆ. ನಿರ್ದೇಶಕರು ಅದೇ ಊರಿನವರಾದರೆ ‘ತಿಳದಷ್ಟು’ ಎಂಬುದು ಶಾಲು, ಹಾರ, ಹಣ್ಣುಕಾಯಿಗೆ ಇಳಿಯುವುದುಂಟು. ಊರವನಿಗೆ ಹಣ ಕೊಟ್ಟರೆ ಅವನ ಕೂಡ ಆಡಿದ ಇತರರ ಶ್ರಮಕ್ಕೂ ಬೆಲೆ ಕಟ್ಟಿದಂತಾಗುತ್ತದೆ ಎಂಬ ಅಳುಕು ಇದರ ಹಿಂದಿರುವಂತಿದೆ. ಆ ಅಳುಕನ್ನು ಕ್ಷುಲ್ಲಕವೆಂದು ತಳ್ಳಿಹಾಕಲಾಗದು.

ಆಯೇರಿಯ ಲೆಕ್ಕ ಬೇರೆ. ದೃಶ್ಯದ ನಡುವೆ ಪರದೆ ಇಳಿದಾಗ ಮೈಕಿನಲ್ಲಿ ಹೆಸರು, ಮೆಚ್ಚಿಗೆಯ ಕಾರಣ ಮತ್ತು ಮೊತ್ತ ಸಾರಲಾಗುತ್ತದೆ: ಐವತ್ತೊಂದು, ನೂರಾ ಒಂದು, ಐನೂರಾ ಒಂದು. ಹೆಚ್ಚಿನ ಆಯೇರಿ ನಟಿಯರಿಗೆ ಮತ್ತು ಹಾಸ್ಯಪಾತ್ರಕ್ಕೆ ಹೋಗುತ್ತದೆ. ಪೇಟಿ ಮಾಸ್ತರರೂ ರಂಗದ ಬದಿಯಲ್ಲಿ ಕಾಣುವಂತೆ ಕುಳಿತಿರುವುದರಿಂದ ಅವರಿಗೂ ಪಾಲು ಬರುತ್ತದೆ. ಒಳಗೆ ನಿಂತು ಪಾತ್ರಧಾರಿಯನ್ನು ರಂಗಕ್ಕೆ ನೂಕುವ ನಿರ್ದೇಶಕ ಯಾರ ಕಣ್ಣಿಗೂ ಬೀಳುವುದಿಲ್ಲ. ಪೇಟಿಯನ್ನು ಬಿಟ್ಟವನು ದರದ ಜೊತೆಗೆ ಆಯೇರಿಯನ್ನೂ ಬಿಟ್ಟನೆಂದು ಹೇಳಿದರೆ ಉತ್ಪ್ರೇಕ್ಷೆಯಾಗಲಾರದು.

7. ದೊಡ್ಡಾಟ ಮತ್ತು ‘ಗುರು’ವಿನ ಮಾಸಿಕ ಮೊತ್ತ

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಕಟ್ಟಿದ ಕಲಾವಿದ ಟಿ.ಬಿ. ಸೊಲಬಕ್ಕನವರ (ನಿಧನ 2020) ದೊಡ್ಡಾಟದ ಪುನರುಜ್ಜೀವನಕ್ಕೆ ದುಡಿದವರು. ಕರ್ನಾಟಕ ಬಯಲಾಟ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಅದೇ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅಕಾಡೆಮಿ, ವಿಶ್ವವಿದ್ಯಾಲಯ, ಇಲಾಖೆಗಳ ಕಾಗದಪತ್ರದಲ್ಲಿ ದೊಡ್ಡಾಟದ ಮಾಸ್ತರ ‘ಗುರು’ ಆಗುತ್ತಾನೆ. ಈ ಪದಾಂತರಕ್ಕೆ ಹಣದ ಅರ್ಥವೂ ಇದೆ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಗುರು–ಶಿಷ್ಯ ಪರಂಪರೆ ಯೋಜನೆಯಲ್ಲಿ (ರೆಪರ್ಟರಿ ಅನುದಾನ) ಗುರುವಿಗೆ ತಿಂಗಳಿಗೆ ₹15,000, ಶಿಷ್ಯರಿಗೆ ವಯಸ್ಸಿಗೆ ಅನುಸಾರ ₹2,000ರಿಂದ ₹10,000. ಒಬ್ಬ ಗುರುವಿಗೆ ಗರಿಷ್ಠ 18 ಶಿಷ್ಯರು. ಹಿಂದೆ ಗುರುವಿಗೆ ₹10,000, ಶಿಷ್ಯರಿಗೆ ₹6,000 ಇತ್ತು. ಕಲಿಸುವವರ ಹಣಕ್ಕೆ ಪ್ರತ್ಯೇಕ ಬಾಬ್ತು ಮತ್ತು ನಿಶ್ಚಿತ ಅಂಕಿ ಎರಡನ್ನೂ ಕೊಟ್ಟ ದಾಖಲೆಯಾಗಿ ಇದು ಉಪಯುಕ್ತ.

ಅಂಕಿಯನ್ನು ದಿನಕ್ಕೆ ಇಳಿಸುವಾಗ ಎಚ್ಚರ ಬೇಕು. ₹15,000ವನ್ನು 30ರಿಂದ ಭಾಗಿಸಿದರೆ ₹500. ಕೆಲಸದ 26 ದಿನಗಳಿಂದ ಭಾಗಿಸಿದರೆ ₹576.92. ಗರಿಷ್ಠ ಮೊತ್ತದ ಶಿಷ್ಯನಿಗೆ ಕ್ರಮವಾಗಿ ₹333.33 ಮತ್ತು ₹384.62. ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ 2024–25ರಲ್ಲಿ ₹349, 2025–26ರಲ್ಲಿ ₹370. ಅಂದರೆ ಶಿಷ್ಯನ ಮೊತ್ತ ಕೂಲಿಗಿಂತ ಹೆಚ್ಚೋ ಕಡಿಮೆಯೋ ಎಂಬುದು ನಾವು ಆರಿಸಿಕೊಂಡ ಭಾಜಕವನ್ನೇ ಅವಲಂಬಿಸಿದೆ. ಗುರುವಿನ ಮೊತ್ತ ಎರಡೂ ಲೆಕ್ಕದಲ್ಲಿ ಕೂಲಿಗಿಂತ ಹೆಚ್ಚು. ಆದರೆ ಮಣ್ಣು ಹೊರುವ ಒಂದು ದಿನದ ಒಂದೂವರೆ ಪಟ್ಟು ಸುತ್ತಮುತ್ತ ಮಾತ್ರ. ಎರಡೂ ಬೇರೆ ಬಗೆಯ ಪಾವತಿಗಳು. ಹೋಲಿಕೆ ಪ್ರಮಾಣದ ಅಂದಾಜಿಗಾಗಿಯೇ ಹೊರತು ನ್ಯಾಯನಿರ್ಣಯಕ್ಕಲ್ಲ.

8. ತಾಲೀಮಿನ ರಾತ್ರಿ ಎಷ್ಟು ಉದ್ದ

ಊರನಾಟಕದ ತಾಲೀಮು ಹೊಲದ ಕೆಲಸ ಮುಗಿದು, ಊಟವಾದ ಮೇಲೆ ನಡೆಯುವಂಥದು. ಉದಾಹರಣೆಗೆಂದು ರಾತ್ರಿ 9ರಿಂದ 12ರವರೆಗೆ ಮೂರು ಗಂಟೆ, ಒಟ್ಟು 40 ರಾತ್ರಿ ಎಂದು ಹಿಡಿಯೋಣ (ಇವು ಲೆಕ್ಕದ ಸೌಕರ್ಯಕ್ಕೆ ಹಿಡಿದ ಅಂಕಿಗಳು, ಸರಾಸರಿಯಲ್ಲ). ದಿನಕ್ಕೆ ₹500 ಎಂಬ ಗುರುವಿನ ದರವನ್ನು ಎಂಟು ಗಂಟೆಗೆ ಹಂಚಿದರೆ ಮೂರು ಗಂಟೆಗೆ ₹187.50; 40 ರಾತ್ರಿಗೆ ₹7,500. ರಾತ್ರಿಯನ್ನು ಪೂರ್ತಿ ದಿನವೆಂದು ಎಣಿಸಿದರೆ ₹20,000. ನಡುವಿನ ₹12,500 ದರದ ವ್ಯತ್ಯಾಸದಿಂದ ಬಂದದ್ದಲ್ಲ. ಗಂಟೆ ಎಣಿಸಬೇಕೋ ರಾತ್ರಿ ಎಣಿಸಬೇಕೋ ಎಂಬುದಷ್ಟರಿಂದ ಬಂದದ್ದು.

ಮಾಸ್ತರರು ಬೇರೆ ಊರಿನವರಾದರೆ ರಾತ್ರಿಯನ್ನು ಎಣಿಸುವ ಪಕ್ಷವೇ ಬಲವಾಗಿದೆ. ತಾಲೀಮು ಮುಗಿಯುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತದೆ. ಗುಡಿಯ ಕಟ್ಟೆಯ ಮೇಲೋ ಕಮಿಟಿಯವರ ಮನೆಯ ಪಡಸಾಲೆಯಲ್ಲೋ ಮಲಗಿ ಬೆಳಗಿನ ಮೊದಲ ಬಸ್ಸಿಗೆ ಹೊರಡಬೇಕು. ಅವರ ಮರುದಿನದ ಅರ್ಧವೂ ಹೋದಂತೆಯೇ. ಊರಿನವರೇ ಆದ ನಿರ್ದೇಶಕರಿಗೆ ಗಂಟೆಯ ಲೆಕ್ಕ ಸಮೀಪವಾದೀತು. ‘ಗುತ್ತಿಗೆ’ ಎಂದು ಇಡೀ ನಾಟಕಕ್ಕೆ ಒಂದೇ ಮೊತ್ತ ಮಾತಾಡುವ ಈಗಿನ ರೂಢಿ ಈ ಎರಡನ್ನೂ ಮುಚ್ಚಿಬಿಡುತ್ತದೆ. ಪಾತ್ರಧಾರಿಗಳು ಮಾತು ಬಾಯಿಪಾಠ ಮಾಡಿಕೊಳ್ಳದೆ ತಾಲೀಮು ಬೆಳೆದರೆ ಆ ನಷ್ಟ ಪೂರ್ತಿ ಮಾಸ್ತರರ ತಲೆಯ ಮೇಲೆ.

9. ಶಿಬಿರದ ನಿರ್ದೇಶಕರು

ಹೆಗ್ಗೋಡಿನ ನೀನಾಸಮ್ (ಸ್ಥಾಪನೆ 1949) 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವನ್ನೂ ಆರಂಭಿಸಿತು. ನಡುವೆ ‘ಜನಸ್ಪಂದನ’ ಯೋಜನೆಯ ಮೂಲಕ ಊರೂರುಗಳಲ್ಲಿ ರಂಗಶಿಬಿರ ನಡೆಸಿತು. ಅದಕ್ಕೆ ಫೋರ್ಡ್ ಪ್ರತಿಷ್ಠಾನದ ನೆರವಿತ್ತು. ಶಿಬಿರಕ್ಕೆ ಬರುವ ನಿರ್ದೇಶಕ ಪೇಟಿ ಮಾಸ್ತರನಂತಲ್ಲ. ತರಬೇತಿ ಪಡೆದವನು, ಊರಿನಲ್ಲಿ ಉಳಿಯುವವನು, ಅವನ ಹಣದ ಹೊಣೆ ಊರಿನ ಪಟ್ಟಿಯ ಮೇಲೆ ಪೂರ್ತಿ ಬೀಳದವನು. ಮೂರನೆಯವರು ಹಣ ಕೊಡುವ ಈ ಪದ್ಧತಿಯಿಂದ ಹಳ್ಳಿಯ ತಂಡಗಳಿಗೆ ಆದ ಲಾಭ ಸ್ಪಷ್ಟ. ಆದರೆ ಅನುದಾನ ನಿಂತ ಮೇಲೆ ‘ನಿರ್ದೇಶಕನ ಹಣ ಹೊರಗಿನಿಂದ ಬರತಕ್ಕದ್ದು’ ಎಂಬ ನಿರೀಕ್ಷೆ ಉಳಿದುಕೊಂಡಿರುವ ಸಾಧ್ಯತೆಯೂ ಇದೆ.

ಹಾನಗಲ್ಲ ತಾಲ್ಲೂಕಿನ ಶೇಷಗಿರಿ ಇಲ್ಲಿ ಮುಖ್ಯ ಉದಾಹರಣೆ. ಅಲ್ಲಿನ ಗಜಾನನ ಯುವಕ ಮಂಡಳ ಹಳ್ಳಿಯವರನ್ನೇ ನಟರನ್ನಾಗಿ ಇಟ್ಟುಕೊಂಡು, ತರಬೇತಾದ ನಿರ್ದೇಶಕರನ್ನು ಹೊರಗಿನಿಂದ ಕರೆಸಿ ಆಧುನಿಕ ನಾಟಕಗಳನ್ನು ಆಡುತ್ತ ಬಂದಿದೆ, ಊರಿನಲ್ಲಿಯೇ ಸಿ.ಎಂ. ಉದಾಸಿ ಕಲಾಕ್ಷೇತ್ರ ಎಂಬ ರಂಗಮಂದಿರವಿದೆ. ಸ್ವಂತ ರಂಗಮಂದಿರವಿದ್ದರೆ ಸೀನರಿ, ಮಂಟಪ, ಮೈಕಿನ ಬಾಡಿಗೆ ಇಳಿಯುತ್ತದೆ. ಹಾಡು–ಕುಣಿತದ ನಟಿಯರನ್ನು ಕರೆಸುವ ನಾಟಕ ಅಲ್ಲವಾದ್ದರಿಂದ ಆ ದೊಡ್ಡ ಬಾಬ್ತೂ ಇಲ್ಲ. ಹೀಗೆ ಉಳಿದ ಹಣ ನಿರ್ದೇಶನದ ಕಡೆಗೆ ಹೊರಳಲು ಸಾಧ್ಯವಾಗುತ್ತದೆ ಎಂಬುದು ಖರ್ಚಿನ ರಚನೆಯಿಂದ ಮಾಡಿದ ಊಹೆ. ನಿರ್ದೇಶಕರಿಗೆ ಹಣ ಕೊಡುವ ಶಕ್ತಿ ಪ್ರೇಕ್ಷಕರ ಸಂಖ್ಯೆಗಿಂತ ಉಳಿದ ಬಾಬ್ತುಗಳ ಗಾತ್ರವನ್ನು ಹೆಚ್ಚು ಅವಲಂಬಿಸಿದೆ ಎನ್ನುವುದಕ್ಕೆ ಇದು ಎಡೆಕೊಡುತ್ತದೆ.

10. ತುಮಕೂರು–ಮಂಡ್ಯದ ಪದ್ಧತಿ

ಹಳೆಯ ಮೈಸೂರು ಸೀಮೆಯ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕಗಳಲ್ಲಿ ಪಾತ್ರಧಾರಿಗಳು ಪಾತ್ರಕ್ಕೆ ಹಣ ಕಟ್ಟುತ್ತಾರೆ, ಕೃಷ್ಣ, ದುರ್ಯೋಧನ ದುಬಾರಿ, ಸಣ್ಣ ಪಾತ್ರ ಅಗ್ಗ. ಆ ಹಣದಿಂದಲೇ ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ ಎಲ್ಲ. ಇದರಲ್ಲಿ ಒಂದು ಸ್ಪಷ್ಟತೆ ಇದೆ: ಕಲಿಯುವವನು ಕಲಿಸುವವನಿಗೆ ಕೊಡುತ್ತಾನೆ. ಪಾತ್ರ ಹಂಚುವಾಗ ಕಂಠಕ್ಕಿಂತ ಕಿಸೆ ಮೇಲಾಗುವ ಅಪಾಯವೂ ಇದೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ವಂತಿಗೆ ಸಾಮಾನ್ಯವಾಗಿ ಸಮಪಾಲಿನದು, ಮೇಲೆ ಊರ ಪಟ್ಟಿ; ಹಾಗಾಗಿ ಮಾಸ್ತರರು ಯಾವೊಬ್ಬ ನಟನ ಹಂಗಿನಲ್ಲೂ ಇರುವುದಿಲ್ಲ. ಪಾತ್ರ ಹಂಚುವ ಅವರ ಅಧಿಕಾರ ಗಟ್ಟಿಯಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಇಂಗ್ಲೆಂಡ್ ಮತ್ತು ಅಮೆರಿಕದ ಹವ್ಯಾಸಿ ತಂಡಗಳಲ್ಲಿ ನಟರಿಗೆ ಏನೂ ಇಲ್ಲದೆ ನಿರ್ದೇಶಕರಿಗೂ ಸಂಗೀತ ನಿರ್ದೇಶಕರಿಗೂ ಬೇರೆ ಬೇರೆ ಗೌರವಧನ ಕೊಡುವ ರೂಢಿ ಹಲವೆಡೆ ಇದೆ. ಅಲ್ಲಿ ಆ ಎರಡು ಕೆಲಸ ಮೊದಲಿನಿಂದ ಎರಡು.

11. ಕಾನೂನಿನ ಭಾಷೆ

ಸರಕು ಮತ್ತು ಸೇವಾ ತೆರಿಗೆಯ 2017ರ ಜೂನ್ 28ರ ಅಧಿಸೂಚನೆ 12/2017ರ 78ನೇ ನಮೂದು ಜಾನಪದ ಅಥವಾ ಶಾಸ್ತ್ರೀಯ ಸಂಗೀತ, ನೃತ್ಯ, ರಂಗಕಲೆಯಲ್ಲಿ ಕಲಾವಿದರು ನೀಡುವ ‘ಪ್ರದರ್ಶನ’ಕ್ಕೆ, ಹಣ ₹1,50,000 ಮೀರದಿದ್ದರೆ, ವಿನಾಯಿತಿ ಕೊಟ್ಟಿತು. ನಾಟಕದ ಪ್ರವೇಶದರಕ್ಕಿರುವ ವಿನಾಯಿತಿಯ ಮಿತಿ ಮೊದಲು ₹250 ಇದ್ದು 2018ರ ಜನವರಿಯಲ್ಲಿ ₹500 ಆಯಿತು. ಊರನಾಟಕದ ಮಾಸ್ತರರ ವಾರ್ಷಿಕ ಗಳಿಕೆ ತೆರಿಗೆ ನೋಂದಣಿಯ ಹತ್ತಿರವೂ ಸುಳಿಯಲಾರದಾದ್ದರಿಂದ ವ್ಯವಹಾರದಲ್ಲಿ ಇದರ ಪರಿಣಾಮ ಶೂನ್ಯ. ಆದರೂ ಪದಗಳನ್ನು ನೋಡಬೇಕು. ಪೇಟಿ ನುಡಿಸುವ ಮಾಸ್ತರ ಆ ರಾತ್ರಿ ‘ಪ್ರದರ್ಶನ’ ನೀಡುತ್ತಾನೆ. ಕಲಿಸಿದ ನಿರ್ದೇಶಕ ಆ ಪದದೊಳಗೆ ಸುಲಭವಾಗಿ ಕೂರುವುದಿಲ್ಲ. ದೊಡ್ಡಾಟ ‘ಜಾನಪದ’ ಎಂಬುದು ನಿರ್ವಿವಾದ. ಕಂಪನಿ ಶೈಲಿಯ ಸಾಮಾಜಿಕ ನಾಟಕ ಜಾನಪದವೋ ಅಲ್ಲವೋ ಎಂಬುದು ವಾದಕ್ಕೆ ಆಸ್ಪದವುಳ್ಳದ್ದು. ಆಯೇರಿಯ ವಿಷಯದಲ್ಲಿ ಊರವರ ಕಣ್ಣು ಮಾಡಿದ ಭೇದವನ್ನೇ ಅಧಿಸೂಚನೆಯೂ ಮಾಡಿರುವುದು ಕಾಕತಾಳೀಯವಾದರೂ ಗಮನಿಸತಕ್ಕದ್ದು.

12. ಲೆಕ್ಕದ ಒಂದು ರೂಪ

ಮೇಲಿನ ಪರಿಶೀಲನೆಯಿಂದ ಇಂತಿಷ್ಟು ಮೊತ್ತ ಎಂಬ ಶಿಫಾರಸು ಹೊರಡುವುದಿಲ್ಲ. ವಹಿಯಲ್ಲಿ ಸಾಲು ಬೇರೆ ಮಾಡಬೇಕೆಂಬುದಷ್ಟೇ ಹೊರಡುತ್ತದೆ. ‘ಮಾಸ್ತರಗೆ’ ಎಂಬ ಒಂದೇ ಸಾಲಿನ ಬದಲು ‘ತಾಲೀಮು, ಇಷ್ಟು ರಾತ್ರಿ’, ‘ಪ್ರಯೋಗದ ರಾತ್ರಿ ಪೇಟಿ’, ‘ಬಸ್ ಚಾರ್ಜು’ ಎಂದು ಮೂರು ಸಾಲು ಬರೆಯಬಹುದು. ತಾಲೀಮಿನ ರಾತ್ರಿಗಳನ್ನು ಎಣಿಸಲು ಹೊಸ ಪುಸ್ತಕವೂ ಬೇಡ; ಪಾತ್ರಧಾರಿಗಳ ಹಾಜರಿಯನ್ನು ಗೀರು ಹಾಕಿ ಇಡುವ ಕಮಿಟಿಗಳು ಆ ಹಾಳೆಯ ಮೇಲೆಯೇ ಮಾಸ್ತರರ ಹೆಸರನ್ನೂ ಸೇರಿಸಬಹುದು. ಊರಿನವರೇ ನಿರ್ದೇಶಕರಾದಲ್ಲಿ ಮೊತ್ತವನ್ನು ಅವರು ಬಿಟ್ಟುಕೊಟ್ಟರೆ ಅದನ್ನು ಖರ್ಚಿನಲ್ಲಿ ಬರೆದು, ಅಷ್ಟನ್ನೇ ಜಮೆಯ ಕಡೆ ಅವರ ದೇಣಿಗೆಯಾಗಿ ತೋರಿಸುವುದು ಹೆಚ್ಚು ನಿಖರವಾದ ಕ್ರಮ. ಮುಂದಿನ ವರ್ಷ ಹೊರಗಿನವರನ್ನು ಕರೆಸಬೇಕಾಗಿ ಬಂದಾಗ ‘ಹೋದ ಸಲ ಪುಕ್ಕಟೆ ಆಗಿತ್ತು’ ಎಂಬ ತಪ್ಪು ಅಂಕಿ ಆಧಾರವಾಗುವುದು ಇದರಿಂದ ತಪ್ಪುತ್ತದೆ.

ಆಯೇರಿಯನ್ನು ಈ ವಹಿಗೆ ತರಬೇಕೆಂಬ ಸಲಹೆಯೂ ಇದೆ. ಅದನ್ನು ಇಲ್ಲಿ ಒಪ್ಪಿಲ್ಲ. ಕೊಟ್ಟವರು ಮೈಕಿನಲ್ಲಿ ಹೆಸರು ಹೇಳಿಸಿ ಕೊಟ್ಟದ್ದು ಆ ವ್ಯಕ್ತಿಗೆ, ಕಮಿಟಿಗಲ್ಲ. ಒಳಗೆ ನಿಂತ ನಿರ್ದೇಶಕರನ್ನು ಮಧ್ಯಂತರದಲ್ಲಿ ಒಮ್ಮೆ ಪರದೆಯ ಮುಂದಕ್ಕೆ ಕರೆತರುವುದಕ್ಕೆ ಮಾತ್ರ ಯಾವ ಬಾಬ್ತೂ ಬೇಕಿಲ್ಲ.